ಹೀರೋಗಿಂತ ಸಾಯೋನೇ ವಾಸಿ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಅರವತ್ತೈದು ದಾಟಿತ್ತು. ಆದರೆ ಅವರ ಕುರ್ಚಿಯ ಹಿಂದೆ ಗೋಡೆಯ ಮೇಲಿದ್ದ ಮೇಷ್ಟ್ರಿಗೆ ಇನ್ನೂ ಇಪ್ಪತ್ತೈದೇ. ಅಲ್ಲಿ ಅವರು ಹಣೆಗೆ ಕೆಂಪು ಪಟ್ಟಿ ಕಟ್ಟಿ, ಹುಬ್ಬು ಗಂಟಿಕ್ಕಿ, ಒಂದು ಕಾಲನ್ನು ಕಿವಿಯ ಮಟ್ಟಕ್ಕೆ ಎತ್ತಿಕೊಂಡು ನಿಂತಿದ್ದರು. ಅವರು ಹೀರೋ ಆಗಿದ್ದ ಒಂದೇ ಒಂದು ಸಿನಿಮಾದ ಪೋಸ್ಟರು ಅದು, ಕುಂಗ್ ಫೂ ಸಿನಿಮಾ. ಲೈಸೆನ್ಸ್ ಬೇಕು ಅಂತ ಬಂದವರು ಮೊದಲು ಆ ಕಾಲನ್ನು ನೋಡಬೇಕು, ಆಮೇಲೆ ಪಕ್ಕದ ಗೋಡೆಯ ರಸ್ತೆ ಚಿಹ್ನೆಗಳನ್ನು. ಯಾರಾದರೂ ಇದು ನೀವಾ ಸಾರ್ ಎಂದು ಕೇಳಿಬಿಟ್ಟರೆ ಅವತ್ತಿನ ಕ್ಲಚ್ಚಿನ ಪಾಠ ಅಲ್ಲಿಗೇ ಮುಗಿಯುತ್ತಿತ್ತು.

ಪಾಠದ ಬದಲು ಕೊನೆಯ ಒದೆತದ ಕತೆ ಶುರುವಾಗುತ್ತಿತ್ತು. ಗೋಡೆಯ ಮೇಲಿಂದ ಹಾರಿ, ಗಾಳಿಯಲ್ಲೇ ಒಂದು ಸುತ್ತು ತಿರುಗಿ, ಖಳನಾಯಕನ ಎದೆಗೆ ಕೊಟ್ಟ ಒದೆತ. ಮೊಮ್ಮಗಳಂತೂ ಅದನ್ನು ಕೇಳಿಕೊಂಡೇ ದೊಡ್ಡವಳಾದವಳು. ನಿಜ ಹೇಳಬೇಕೆಂದರೆ ಆ ಗೋಡೆಯಿಂದ ಹಾರಿದ್ದು ಮೇಷ್ಟ್ರಲ್ಲ. ಅವತ್ತು ಮೇಲೆ ಹತ್ತಿ ಕೆಳಗೆ ನೋಡಿದ್ದೇ ತಡ, ಅವರಿಗೆ ತಲೆ ಸುತ್ತಿ ಇಬ್ಬರು ಹಿಡಿದು ಇಳಿಸಬೇಕಾಯಿತು. ಅವರ ಅಂಗಿ ತೊಟ್ಟು, ಅವರ ಪಟ್ಟಿ ಕಟ್ಟಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ ಹಾರಿದವನು ಅವರ ಹೆಂಡತಿಯ ತಮ್ಮ. ಭಾವಮೈದ ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟವನಲ್ಲ. ಊಟದ ಡಬ್ಬಿ ತಂದು ಅಲ್ಲೇ ನಿಂತು ನೋಡಿದ್ದ ಹೆಂಡತಿಯೂ ಕತೆ ಶುರುವಾದಾಗ ಮೂಗು ಮುರಿದು ಒಳಗೆ ಹೋಗುತ್ತಿದ್ದಳೇ ಹೊರತು ಅಡ್ಡ ಮಾತಾಡುತ್ತಿರಲಿಲ್ಲ.

ಸಿನಿಮಾಕ್ಕೆ ದುಡ್ಡು ಹಾಕಿದವನು ಒಬ್ಬ ಸೋಫಾ ಅಂಗಡಿಯ ಯಜಮಾನ. ಅವನ ಅಂಗಡಿಯಲ್ಲಿ ಸೋಫಾಕ್ಕೆ ಬಟ್ಟೆ ಹೊದಿಸುತ್ತಿದ್ದವನೇ ಈ ಭಾವಮೈದ. ಮುಚ್ಚಿದ ಕಾರ್ಖಾನೆಯ ಹಿತ್ತಿಲಲ್ಲಿ ಶೂಟಿಂಗ್. ಬೀಳುವವರಿಗೆ ನೆಲಕ್ಕೆ ಹಾಸುತ್ತಿದ್ದುದು ಮಾರಾಟದ ಸೋಫಾ ದಿಂಬುಗಳನ್ನೇ, ಹಾಗಾಗಿ ಬೀಳುವವರು ಕಾಲು ತೊಳೆದುಕೊಂಡು ಬಂದು ಬೀಳಬೇಕಿತ್ತು. ಹೀರೋ ಕೈಯಲ್ಲಿ ಸಾಯುವುದಕ್ಕೆ ಜನ ಸಾಲದೆ, ಅದೇ ಭಾವಮೈದನಿಗೆ ಒಂದು ಸಲ ಮೀಸೆ, ಒಂದು ಸಲ ಗಡ್ಡ, ಇನ್ನೊಂದು ಸಲ ಟೋಪಿ ಹಾಕಿ ಮತ್ತೆ ಮತ್ತೆ ಸಾಯಿಸಿದರು. ಸಿನಿಮಾ ಒಂದು ವಾರವೂ ಓಡಲಿಲ್ಲ. ಸತ್ತವನು ಮರಳಿ ಸೋಫಾಕ್ಕೆ ಹೋದ, ಸಾಯಿಸಿದವನು ಪೋಸ್ಟರು ತೆಗೆದುಕೊಂಡು ಹೋಗಿ ಗೋಡೆಗೆ ಅಂಟಿಸಿಕೊಂಡ.

ಒಂದು ಮಧ್ಯಾಹ್ನ ಮೊಮ್ಮಗಳು ಫೋನ್ ಹಿಡಿದು ಓಡಿ ಬಂದಳು. ತಾತನ ಸಿನಿಮಾವನ್ನು ಯಾರೋ ಇಂಟರ್ನೆಟ್ಟಿಗೆ ಹಾಕಿದ್ದರು, ಅದು ಊರೂರಲ್ಲಿ ಓಡುತ್ತಿತ್ತು, ಕೆಳಗೆ ನೋಡಿದವರ ಅಭಿಪ್ರಾಯಗಳು ಸಾಲುಗಟ್ಟಿದ್ದವು. ಮೇಷ್ಟ್ರ ಮುಖ ಊರಗಲವಾಯಿತು. ಕಾರಿನಲ್ಲಿ ಕಾಯುತ್ತಿದ್ದ ವಿದ್ಯಾರ್ಥಿಗೆ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿರು ಎಂದು ಹೇಳಿ, ಮೊಮ್ಮಗಳಿಗೆ ಒಂದೊಂದಾಗಿ ಓದಲು ಹೇಳಿದರು. ಅವಳು ಎರಡು ಓದಿ ನಗು ತಡೆಯಲಾರದೆ ಕೆಮ್ಮತೊಡಗಿದಳು. ಮೇಷ್ಟ್ರು ಫೋನ್ ಕಿತ್ತುಕೊಂಡು ಕನ್ನಡಕ ಏರಿಸಿದರು.

"ಹೀರೋ ಕಾಲು ಒಂದು ಮಾರು ದೂರದಲ್ಲಿದೆ, ಆದ್ರೂ ಆ ಪುಣ್ಯಾತ್ಮ ಎಷ್ಟು ಚೆನ್ನಾಗಿ ಬೀಳ್ತಾನೆ ನೋಡಿ." "ಹೀರೋ ಮುಖ ಹಲ್ಲುನೋವು ಬಂದಂಗಿದೆ." "ಮೀಸೆಯವನು ಸತ್ತ ಮೇಲೆ ಮೀಸೆ ಕೆನ್ನೆಗೆ ಜಾರುತ್ತೆ, ಹೆಣವೇ ಕೈ ಎತ್ತಿ ಸರಿ ಮಾಡ್ಕೊಳ್ಳುತ್ತೆ. ನಾನು ಇದನ್ನ ದಿನಾ ನೋಡ್ತೀನಿ." "ಮನೆಯಲ್ಲಿ ಎಲ್ರೂ ಕೂತು ನೋಡಿದ್ವಿ, ಸಾಯೋ ಮಾಮ ಬಂದಾಗಲೆಲ್ಲ ನಮ್ಮಮ್ಮ ಚಪ್ಪಾಳೆ ಹೊಡೀತಾರೆ." ಅದರ ಕೆಳಗೆ ಯಾರೋ ಒಂದೇ ಸಾಲು ಬರೆದಿದ್ದರು: "ಹೀರೋಗಿಂತ ಸಾಯೋನೇ ವಾಸಿ." ಆ ಸಾಲನ್ನು ಮೆಚ್ಚಿದವರ ಸಂಖ್ಯೆಯನ್ನು ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ಸಾಯೋ ಮಾಮ! ಹೆಸರು ಬೇರೆ ಇಟ್ಟಿದ್ದಾರೆ. ಮೇಷ್ಟ್ರಿಗೆ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಬೇರೆ ಯಾವ ಮಾತೂ ಇದಕ್ಕೆ ಹೊಂದುವುದಿಲ್ಲ. ಒದೆಯುವವನು ಕಷ್ಟಪಟ್ಟು ಒದ್ದರೆ ಬೀಳುವವನಿಗೆ ಹೆಸರೇ? ಬೀಳುವುದೂ ಒಂದು ವಿದ್ಯೆಯೇ? ಅವರ ವಿದ್ಯಾರ್ಥಿಗಳು ಸ್ಕೂಟರಿನಿಂದ ದಿನಾ ಬೀಳುತ್ತಾರೆ, ಯಾರು ಚಪ್ಪಾಳೆ ತಟ್ಟಿದ್ದಾರೆ? ಹಾಗಂತ ಫೋನ್ ಕೆಳಗಿಡಲೂ ಆಗಲಿಲ್ಲ. ಮೈ ಪರಚಿಕೊಳ್ಳುತ್ತಲೇ ಹುಡುಕಿ ಹುಡುಕಿ ಓದಿದರು. ಕೊನೆಗೆ ಒಂದು ಒಳ್ಳೆಯ ಮಾತು ಸಿಕ್ಕಿತು. ಇಡೀ ಸಿನಿಮಾದಲ್ಲಿ ಹೀರೋ ಸರಿಯಾಗಿ ಒದ್ದಿದ್ದು ಒಂದೇ ಸಲ, ಆ ಕೊನೆಯ ಹಾರುವ ಒದೆತ, ಅದಕ್ಕೊಂದು ಸಲಾಂ ಎಂದು ಯಾರೋ ಬರೆದಿದ್ದರು. ಸಿಕ್ಕಿದ ಒಂದೇ ಒಂದು ಮೆಚ್ಚುಗೆ, ಅದೂ ಭಾವಮೈದನದೇ ಕಾಲಿಗೆ.

ತಡೆಯಲಾರದೆ ಮೇಷ್ಟ್ರು ತಾವೇ ಬರೆದರು: ನಾನೇ ಆ ಸಿನಿಮಾದ ಹೀರೋ, ನಮಸ್ಕಾರ. ಸಿನಿಮಾ ಪ್ರೇಮಿಗಳ ಒಂದು ಗುಂಪಿನ ಹುಡುಗಿ ತಕ್ಷಣ ಉತ್ತರಿಸಿದಳು. ಇವರಿಗೆ ಒಂದು ನಮಸ್ಕಾರ ಹಾಕಿದ್ದಷ್ಟೇ, ಉಳಿದದ್ದೆಲ್ಲ ಭಾವಮೈದನದೇ ವಿಚಾರ. ಸಾಯೋ ಮಾಮ ಎಲ್ಲಿದ್ದಾರೆ, ಅವರನ್ನು ಕರೆಸಿ ಸನ್ಮಾನ ಮಾಡಬೇಕು ಅಂತಿದ್ದೇವೆ ಎಂದಳು. ಕೊನೆಗೆ ಇಷ್ಟು ಸೇರಿಸಿದ್ದಳು: "ಬೇಜಾರು ಮಾಡ್ಕೋಬೇಡಿ ಸಾರ್, ಆ ಕೊನೇ ಒದೆತ ಕೂಡ ಅವರದೇ ಅಲ್ವಾ? ಬೆನ್ನು ನೋಡಿದ್ರೆ ನಿಮ್ಮ ಥರ ಕಾಣಲ್ಲ. ಅವರನ್ನೇ ಕೇಳ್ಬೇಕು."

ಭಾವಮೈದ ಎರಡು ಬೀದಿ ಆಚೆ ಬಾಯಲ್ಲಿ ಮೊಳೆ ಕಚ್ಚಿಕೊಂಡು ಯಾರದೋ ದಿವಾನ್ ಮಂಚಕ್ಕೆ ಬಟ್ಟೆ ಹೊಡೆಯುತ್ತಿದ್ದ. ಕೇಳಿದರೆ ಸುಳ್ಳು ಹೇಳಲು ಬರುವವನಲ್ಲ. ಹೌದು ಅಂದುಬಿಟ್ಟರೆ ಗೋಡೆಯ ಮೇಲಿನ ಪೋಸ್ಟರಿಗೆ ಏನು ಅರ್ಥ, ಮೊಮ್ಮಗಳ ಮುಂದೆ ತಾತನಿಗೆ ಉಳಿಯುವುದೇನು? ಮೇಷ್ಟ್ರು ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆದರು: "ಅವರು ತೀರಿಕೊಂಡು ಬಹಳ ವರ್ಷ ಆಯ್ತು." ಕಳಿಸಿಯೂ ಬಿಟ್ಟರು.

ಅಲ್ಲಿಗೆ ಅವನ ಕತೆ ಮುಗಿಯಿತು ಅಂದುಕೊಂಡಿದ್ದರು, ಪಾಪ. ಮರುದಿನ ನೋಡಿದರೆ ಬೀಳುವವನ ಮೇಲಿನ ಪ್ರೀತಿ ಹೊಳೆಯಾಗಿ ಹರಿಯುತ್ತಿತ್ತು. ಮೊದಲು ನಕ್ಕವರೆಲ್ಲ ಈಗ ಅಳುತ್ತಿದ್ದರು. ಅವನು ಮೀಸೆ ಸರಿಮಾಡಿಕೊಳ್ಳುವ ಚಿತ್ರಕ್ಕೆ ಹೂವಿನ ಚೌಕಟ್ಟು ಹಾಕಿ ಹಂಚುತ್ತಿದ್ದರು. ಇಂಥ ಕಲಾವಿದನನ್ನು ಬದುಕಿದ್ದಾಗ ನಾವು ಗುರುತಿಸಲಿಲ್ಲ ಎಂದು ಒಬ್ಬರು ಉದ್ದಕ್ಕೆ ಬರೆದಿದ್ದರು. ಬದುಕಿದ್ದಾಗ ಹೊಟ್ಟೆ ಉರಿಸಿದ್ದು ಸಾಲದೆಂದು ಸತ್ತ ಮೇಲೂ ಉರಿಸುತ್ತಾನಲ್ಲ ಎಂದು ಮೇಷ್ಟ್ರು ಹಲ್ಲು ಕಡಿದರು. ಅವನು ಸತ್ತಿಲ್ಲ ಅನ್ನುವುದು ಆ ಗಳಿಗೆಯಲ್ಲಿ ಅವರಿಗೇ ಮರೆತುಹೋಗಿತ್ತು.

ಸಿನಿಮಾ ಪ್ರೇಮಿಗಳು ಒಂದು ಭಾನುವಾರ ಬೆಳಿಗ್ಗೆ ಚಿಕ್ಕ ಹಾಲ್ ಒಂದರಲ್ಲಿ ಸಿನಿಮಾ ತೋರಿಸುವುದೆಂದು ಗೊತ್ತುಮಾಡಿ ಮೇಷ್ಟ್ರನ್ನು ಮುಖ್ಯ ಅತಿಥಿಯಾಗಿ ಕರೆದರು. ಮುಖ್ಯ ಅತಿಥಿ ಎಂಬ ಮಾತಿಗೆ ಮೇಷ್ಟ್ರು ಕರಗಿ ಹೋದರು. ಮನೆಯಲ್ಲಿ ನನಗೊಂದು ಕಾರ್ಯಕ್ರಮವಿದೆ ಎಂದಷ್ಟೇ ಹೇಳಿದರು. ಗಂಡನಿಗೆ ಈ ವಯಸ್ಸಿನಲ್ಲಿ ಒಂದು ಮರ್ಯಾದೆ ಸಿಗುತ್ತಿದೆಯಲ್ಲ ಎಂದು ಹಿಗ್ಗಿದ ಹೆಂಡತಿ ಹೇಳದೆ ಕೇಳದೆ ತಮ್ಮನಿಗೆ ಫೋನ್ ಮಾಡಿದಳು. ಹೀಗಾಗಿ ಭಾನುವಾರ ವೇದಿಕೆಯಲ್ಲಿ ಕೂತ ಮೇಷ್ಟ್ರು ತಲೆ ಎತ್ತಿ ನೋಡಿದರೆ ಎದುರಿಗೆ ಹೆಂಡತಿ, ಮೊಮ್ಮಗಳು, ಅವರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಭಾವಮೈದ. ತಲೆ ಬೋಳಾಗಿ, ದಪ್ಪ ಕನ್ನಡಕ ಹಾಕಿದ್ದ ಆ ಮನುಷ್ಯನನ್ನು ಹಾಲಿನಲ್ಲಿ ಯಾರೂ ಗುರುತು ಹಿಡಿಯಲಿಲ್ಲ. ಅವನು ಭಾವನತ್ತ ಖುಷಿಯಿಂದ ಕೈ ಬೀಸಿದ.

ದೀಪ ಆರಿತು, ಸಿನಿಮಾ ಶುರುವಾಯಿತು. ಹೀರೋ ಬಂದಾಗ ಜನ ಕಿಸಕ್ಕೆಂದರು, ಸಾಯೋ ಮಾಮ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಾನು ಬಿದ್ದಾಗಲೆಲ್ಲ ಹಾಲ್ ಕುಣಿಯುವುದನ್ನು ನೋಡಿ ಭಾವಮೈದ ಬೆಕ್ಕಸ ಬೆರಗಾಗಿ ಅಕ್ಕನ ತೋಳು ಹಿಡಿದುಕೊಂಡಿದ್ದ. ದೀಪ ಹತ್ತಿದಾಗ ಆ ಹುಡುಗಿ ಮೈಕಿನ ಮುಂದೆ ಬಂದಳು. ಸಾಯೋ ಮಾಮ ನಮ್ಮೊಂದಿಗಿಲ್ಲ, ಅವರು ತೀರಿಕೊಂಡ ಸುದ್ದಿಯನ್ನು ನಮಗೆ ತಿಳಿಸಿದವರು ಅವರ ಜೊತೆ ನಟಿಸಿದ ಹೀರೋ ಅವರೇ, ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲೋಣ ಎಂದಳು.

ಹೆಂಡತಿ ಗಂಡನನ್ನೇ ನೋಡಿದಳು. ಕೂತಲ್ಲಿಂದ ಏಳಲಿಲ್ಲ. ಮೊಮ್ಮಗಳು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿದಳು. ಭಾವಮೈದ ಮೊಣಕಾಲು ಹಿಡಿದು ನಿಧಾನವಾಗಿ ಎದ್ದು, ಎಲ್ಲರಂತೆ ತಲೆ ತಗ್ಗಿಸಿ, ತನ್ನ ಸಾವಿಗೆ ತಾನೇ ಮೌನವಾಗಿ ನಿಂತ.

ಮೇಷ್ಟ್ರು ಅದನ್ನು ನೋಡಿದರು. ನಾನಿಲ್ಲೇ ಇದ್ದೇನೆ ಎಂದು ಅವನು ಅರಚಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಇವನು ಭಾವನ ಮಾನ ಹೋಗಬಾರದೆಂದು ನಿಂತುಬಿಟ್ಟಿದ್ದ. ಸಿನಿಮಾದಲ್ಲಂತೂ ಇವನೇ ದೊಡ್ಡವನಾದ, ಈಗ ಇಲ್ಲೂ ಇವನೇ ದೊಡ್ಡವನಾಗಬೇಕೇ? ಮೇಷ್ಟ್ರನ್ನು ಮೈಕಿನ ಹತ್ತಿರ ಎಳೆದೊಯ್ದದ್ದು ಪಶ್ಚಾತ್ತಾಪ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದೂ ಹೊಟ್ಟೆಕಿಚ್ಚೇ.

"ಕೂತ್ಕೊಳ್ಳಿ ಎಲ್ರೂ," ಎಂದರು. "ಅವನು ಸತ್ತಿಲ್ಲ. ಅಲ್ಲೇ ನಿಂತಿದ್ದಾನೆ, ನನ್ನ ಹೆಂಡತಿ ಪಕ್ಕದಲ್ಲಿ. ನಾನೇ ಸುಳ್ಳು ಹೇಳಿದೆ. ಕೊನೇ ಒದೆತಾನೂ ಅವನದೇ. ನನಗೆ ಗೋಡೆ ಮೇಲೆ ತಲೆ ಸುತ್ತಿತ್ತು."

ಹಾಲ್ ಎಲ್ಲ ಅತ್ತ ನುಗ್ಗಿತು. ಮುಟ್ಟುವವರು, ಫೋಟೋ ತೆಗೆಯುವವರು, ಕಣ್ಣೊರೆಸಿಕೊಳ್ಳುವವರು. ವೇದಿಕೆಯ ಮೇಲೆ ಮೇಷ್ಟ್ರು ಒಬ್ಬರೇ ಉಳಿದರು. ಮೊಮ್ಮಗಳ ಕಣ್ಣು ತಪ್ಪಿಸಲು ಅವರು ಮೈಕಿನ ತಂತಿಯನ್ನು ಸುತ್ತತೊಡಗಿದರು. ಅಷ್ಟರಲ್ಲಿ ಆ ಹುಡುಗಿ ಭಾವಮೈದನನ್ನು ಕೈಹಿಡಿದು ಮೇಲೆ ಕರೆತಂದು, ಬದುಕಿರುವವರನ್ನು ಸತ್ತರು ಅಂದದ್ದು ಯಾಕೆ ಎಂದು ಮೇಷ್ಟ್ರನ್ನೇ ನೇರವಾಗಿ ಕೇಳಿದಳು. ಮೇಷ್ಟ್ರು ತಂತಿ ಸುತ್ತುತ್ತಲೇ ಇದ್ದರು.

ಭಾವಮೈದ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡ. "ಭಾವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು, ಇನ್ನೇನು," ಎಂದ. "ನನಗೂ ಅವರ ಮೇಲೆ ಇತ್ತು. ಪೋಸ್ಟರಲ್ಲಿ ಅವರ ಮುಖ ಇತ್ತಲ್ಲ. ಸ್ಕೂಲಿನ ಮುಂದೆ ಹೋದರೆ ಅದು ಕಾಣುತ್ತೆ ಅಂತ ನಾನು ಇವತ್ತಿಗೂ ಆ ರಸ್ತೆ ಬಿಟ್ಟು ಸುತ್ತು ಹಾಕಿ ಬರ್ತೀನಿ."

ಮೇಷ್ಟ್ರು ತಂತಿ ಸುತ್ತುವುದನ್ನು ನಿಲ್ಲಿಸಿದರು. ಇಷ್ಟು ದಿನ ಓದಿದ ಅಷ್ಟೂ ಅಭಿಪ್ರಾಯಗಳಲ್ಲಿ ಎಲ್ಲೂ ಸಿಗದಿದ್ದುದು ಈಗ ಕಿವಿಗೆ ಬಿದ್ದಿತ್ತು, ಅವರ ಕಣ್ಣು ತುಂಬಿ ಬಂತು.

"ನನ್ನ ಮೇಲಾ?" ಎಂದು ಕೇಳಿದರು. "ತುಂಬ ಇತ್ತಾ?"

"ತುಂಬ, ಭಾವ."

ಮೇಷ್ಟ್ರು ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದರು. "ಇದರಲ್ಲಿ ಹೇಳು," ಎಂದರು. "ಹಿಂದಿನವರಿಗೆ ಕೇಳಿಸಿಲ್ಲ."