ಏಳು ಸಾವಿರ ಕಿಲೋಮೀಟರಿನ ಮುನಿಸು

೧
ಎಲ್ಲಿಂದ ಶುರು ಮಾಡಲಿ? ಈ ವಿಮಾನ ನಿಲ್ದಾಣದಿಂದಲೋ, ಆ ನಿಲ್ದಾಣದಿಂದಲೋ? ನಡುವೆ ಏಳು ಸಾವಿರ ಕಿಲೋಮೀಟರ್. ಹೋಗಲು ಒಂಬತ್ತು ಗಂಟೆ. ಬರಲು, ಎದುರುಗಾಳಿಯಿಂದಾಗಿ, ಹತ್ತು.

(ಟೈಮ್‌ಟೇಬಲ್ ಓದಿದ ಹಾಗಾಯಿತು. ಹೊಡೆದುಹಾಕಿದೆ. ಅಷ್ಟರಲ್ಲಿ ನೀವು ಓದಿಬಿಟ್ಟಿರಿ.)

೨
ಅವಳು ಇಲ್ಲಿ ವಿಮಾನ ಗುಡಿಸುತ್ತಾಳೆ. ಗಂಡ ಅಲ್ಲಿ ಅದೇ ವಿಮಾನ ಗುಡಿಸುತ್ತಾನೆ. ವಿಮಾನ ಹೋಗಿ ಬರುತ್ತಲೇ ಇರುತ್ತದೆ. ಅದರಲ್ಲಿ ಕೂರುವ ಭಾಗ್ಯ ಇವರಿಬ್ಬರಿಗಿಲ್ಲ.

ಕೊನೆಯ ಸಾಲಿನ ಕಿಟಕಿ ಸೀಟಿನೆದುರಿನ ಚೀಲದಲ್ಲಿ ಒಂದು ಸುರಕ್ಷತಾ ಕಾರ್ಡು. ಯಾರೂ ಓದದ ಕಾಗದ, ಹಾಗಾಗಿ ಗಂಡ ಹೆಂಡಿರ ಮಾತಿಗೆ ಒಳ್ಳೆಯ ಜಾಗ. ಅವನು ಅದನ್ನು ತಲೆಕೆಳಗಾಗಿ ಇಟ್ಟು ಕಳಿಸುತ್ತಾನೆ: ‘ನೆನಪಾಯ್ತು ಕಣೇ.’ ಇವಳು ನೇರ ಮಾಡಿ ಕಳಿಸುತ್ತಾಳೆ: ‘ನಂಗೂ.’

ಹೋದ ವಾರ ಅವನು ಇವಳನ್ನು ಒಂದು ಮಾತೂ ಕೇಳದೆ ಅಲ್ಲೇ ಇನ್ನೆರಡು ವರ್ಷದ ಕೆಲಸಕ್ಕೆ ಸಹಿ ಹಾಕಿದ. ಅಂದಿನಿಂದ ಇವಳು ಫೋನೆತ್ತಿಲ್ಲ. ಕಾರ್ಡನ್ನು ನೇರ ಮಾಡಿಲ್ಲ. ಅದು ತಲೆಕೆಳಗಾಗಿಯೇ ಹೋಗಿ, ತಲೆಕೆಳಗಾಗಿಯೇ ಬರುತ್ತಿತ್ತು.

ಇವತ್ತು ನೇರವಾಗಿ ಬಂದಿದೆ.

೩
“ಒಂದು ಫೋನ್ ಮಾಡಬಾರದೇನೇ?” ಎಂದಳು ಪಕ್ಕದ ಸಾಲು ಒರೆಸುತ್ತಿದ್ದ ಗೆಳತಿ.

“ನಾನ್ಯಾಕೆ ಮಾಡ್ಲಿ? ಸಹಿ ಹಾಕುವಾಗ ಅವ್ರು ನನ್ನ ಕೇಳಿದ್ರಾ?”

ಮಾತು ಬಿರುಸಾಗಿತ್ತು. ಕೈಯ ಬಟ್ಟೆ ಮಾತ್ರ ಆಗಲೇ ಒರೆಸಿದ್ದ ಸೀಟನ್ನೇ ಮತ್ತೆ ಒರೆಸುತ್ತಿತ್ತು.

೪
ಇಲ್ಲಿ ಕತೆ ಬರೆಯುವ ನಾನೇ ಬಾಯಿ ಹಾಕಬೇಕಾಯಿತು. ಗಂಡನನ್ನೇ ಆ ವಿಮಾನದಿಂದ ಇಳಿಸಲೇ ಎಂದು ಅವಳನ್ನು ಕೇಳಿದೆ.

“ಟಿಕೆಟ್ ದುಡ್ಡು ಯಾರು ಕೊಟ್ರು ಸ್ವಾಮಿ, ನೀವಾ?”

ಸರಿ. ಮೊದಲ ಸಲ ವಿಮಾನ ಹತ್ತಿದ ಪುಕ್ಕಲ ಯಾರೋ ಕಾರ್ಡು ಓದಿ ನೇರ ಇಟ್ಟಿರಬಹುದು.

“ಇರಬಹುದು.”

ಅಥವಾ ಅವನಿಗೂ ಸಾಕಾಗಿ, ಆಡಿದ ಮಾತನ್ನು ವಾಪಸು ತೆಗೆದುಕೊಂಡಿರಬಹುದು. (ಅವಳ ಮುಖ ನೋಡಿ ಈ ಸಾಲನ್ನು ಅಳಿಸಿದೆ. ಬರೆಯುವವರಿಗೂ ಒಂದಿಷ್ಟು ಕರುಣೆ ಬೇಡವೇ?)

ಅಥವಾ, ಕಾದು ಕಾದು, ಅವಳ ‘ನಂಗೂ’ವನ್ನು ಅವಳ ಪರವಾಗಿ ಅವನೇ ಹೇಳಿಕೊಂಡಿರಬಹುದು.

“ಅವ್ರಿಗೆ ಅಷ್ಟೆಲ್ಲ ಹೊಳೆಯೋದಿಲ್ಲ ಬಿಡಿ,” ಎಂದಳು. ಆದರೆ ಕಾರ್ಡನ್ನು ಚೀಲದಿಂದ ಹೊರಗೆಳೆದಿದ್ದಳು.

“ಮುಗೀತಾ ಹಿಂದಿನ ಸಾಲು?” ಮೇಸ್ತ್ರಿ ಬಾಗಿಲಿಂದ ಕೂಗಿದ.

“ಒಂದೇ ನಿಮಿಷ ಅಣ್ಣಾ!”

ಮದುವೆಯಾದಾಗಿನಿಂದ ಒಮ್ಮೆಯೂ ತಾನಾಗಿ ಮೊದಲು ಮಾತಾಡಿದವಳಲ್ಲ ಅವಳು. ಕಾರ್ಡಿನ ಎರಡೂ ಬದಿ ಒರೆಸಿದಳು. ಈ ಸಲ ತಾನೇ ತಲೆಕೆಳಗು ಮಾಡಿ ಇಟ್ಟಳು.

೫
ಒಂಬತ್ತು ಗಂಟೆಯ ಹಾರಾಟವನ್ನು ಒಂದು ಸಾಲಿನಲ್ಲಿ ದಾಟಿಸುವುದು ನನಗೆ ಕಷ್ಟವಲ್ಲ. ದಾಟಿಸಲೇ ಎಂದೆ.

“ಬೇಡ. ಹೋಗೋ ಅಷ್ಟು ಹೊತ್ತು ಹೋಗ್ಲಿ. ನಾನು ಹೇಳಿದ್ದೀನಿ ಅನ್ನೋದು ನಂಗೂ ಸ್ವಲ್ಪ ಅಭ್ಯಾಸ ಆಗ್ಲಿ.”

ಹಾಗಾಗಿ ನಾನು ವಿಮಾನವನ್ನು ಇಳಿಸುತ್ತಿಲ್ಲ. ಅದೀಗ ಮೋಡದ ಮೇಲಿದೆ. ಕೊನೆಯ ಸಾಲಿನ ಕಿಟಕಿ ಪಕ್ಕ ಕೂತವರು ನೀವೇ ಆಗಿದ್ದರೆ, ಕಾರ್ಡು ಓದಿ, ಬೇಡವೆನ್ನುವುದಿಲ್ಲ. ಹೇಗಿತ್ತೋ ಹಾಗೇ ಇಡಿ.