ಅಟ್ಟಕ್ಕೆ ಹಾಕಿದ್ದು

"ಬಿಡಿ ಭಾವಾ, ಆ ಬಟ್ಟೆ ನನ್ನ ಕೈಗೆ ಕೊಡಿ. ಬದುಕಿದ್ದಾಗ ಬಿಗಿದದ್ದು ಸಾಕು!"

ಓಂಕಾರಮೂರ್ತಿ ಬಿಳಿ ಬಟ್ಟೆಯ ಪಟ್ಟಿಯನ್ನು ಭಾವನ ಕೈಯಿಂದ ಕಿತ್ತುಕೊಂಡೇ ಬಿಟ್ಟ. ಸರ್ವಮಂಗಳಾಳ ದೇಹವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ತಲೆ ಮುಂದಕ್ಕೆ ವಾಲದ ಹಾಗೆ ಗೂಟಕ್ಕೆ ಕಟ್ಟಬೇಕಿತ್ತು. ಅಕ್ಕನ ತಲೆಯನ್ನು ತಮ್ಮನೇ ಹಿಡಿದು ಕಟ್ಟಿದ. ಗಂಡ ಸೋಮಶೇಖರಪ್ಪ ಬರಿಗೈಯಲ್ಲಿ ಪಕ್ಕಕ್ಕೆ ಸರಿದು ನಿಂತ.

ಗೋಣಿಬೀಡಿನ ರಸ್ತೆ ಬದಿಯಲ್ಲಿ ಗೊಬ್ಬರ, ಪೈಪು ಮಾರುವ ಈ ಮನುಷ್ಯನ ಬಾಯಿಗೆ ಸುತ್ತಿನ ತೋಟದವರೆಲ್ಲ ಹೆದರುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ. ಇವತ್ತು ಮಾತ್ರ ಆ ಬಾಯಿ ಒಣಗಿ ಹೋಗಿತ್ತು. ಹೆಂಡತಿ ಹೋದ ದುಃಖ ಇರಲಿಲ್ಲವೇ? ಇತ್ತು, ಎದೆ ತುಂಬ ಇತ್ತು. ಅದರ ಜೊತೆಗೆ ಇನ್ನೊಂದು ಭಯವೂ ಇತ್ತು. ಕೆಲವು ವಾರಗಳ ಹಿಂದೆ ತಾನು ಮಾಡಿದ್ದು ಮಗಳು ನಾಗಶ್ರೀಗೆ ಗೊತ್ತಾದರೆ? ಮೂಡಿಗೆರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳಿಗೂ ಇವನಿಗೂ ಮೊದಲಿಂದ ಅಷ್ಟಕ್ಕಷ್ಟೆ. ಅವಳು ಈ ಮನೆಗೆ ಬರುತ್ತಿದ್ದುದೇ ಅಮ್ಮನಿಗೋಸ್ಕರ. ಇನ್ನು ಅವನಿಗೆ ಉಳಿದವಳು ಅವಳೊಬ್ಬಳೇ.

ಅಷ್ಟರಲ್ಲಿ ಜವರಮ್ಮ ಬಂದಳು. ಪಕ್ಕದ ಎಸ್ಟೇಟಿನ ಕೂಲಿಗಳ ಲೈನ್ ಮನೆಯವಳು. ಕಾಫಿ ಹಣ್ಣು ಕುಯ್ಯುವುದನ್ನು ಬಿಟ್ಟು, ಸೊಂಟದ ಚೀಲವನ್ನೂ ಬಿಚ್ಚದೆ ಓಡಿ ಬಂದಿದ್ದಳು. ಸರ್ವಮಂಗಳಾಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಎದ್ದು ಸೋಮಶೇಖರಪ್ಪನ ಎದುರಿಗೇ ನಿಂತಳು.

"ಸಾವ್ಕಾರ್ರೇ, ಅಮ್ಮಾವ್ರು ನಂಗೆ ಅಂತ ಅಟ್ಟದಲ್ಲಿ ಇಟ್ಟಿದ್ರಲ್ಲ, ಅದನ್ನ ಯಾಕೆ ಬಿಸಾಕಿದ್ರಿ?"

ಪಡಸಾಲೆಯಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು.

"ಏನು? ಅಕ್ಕನ ಸಾಮಾನು ಬಿಸಾಕಿದ್ರಾ?" ಓಂಕಾರಮೂರ್ತಿ ಉರಿದುಬಿದ್ದ. "ನಮ್ಮಮ್ಮ ಕೊಟ್ಟ ಹಿತ್ತಾಳೆ ಪಾತ್ರೆ ಇದ್ದಿದ್ದು ಅಟ್ಟದ ಮೇಲೆನೇ. ಏಣಿ ಎಲ್ರೋ?"

"ಸುಮ್ನಿರು ಮಾರಾಯ, ಪಾತ್ರೆ ಅಲ್ಲ..." ಎಂದ ಸೋಮಶೇಖರಪ್ಪ.

"ಹಾಗಾದ್ರೆ ಏನು, ಹೇಳಿ!"

ಓಂಕಾರಮೂರ್ತಿ ಏಣಿ ಇಟ್ಟು ಹತ್ತಿಯೇ ಬಿಟ್ಟ. ಮೇಲೆ ಸ್ವಲ್ಪ ಹೊತ್ತು ದಡಬಡ ಸದ್ದಾಯಿತು. ತಲೆ ತುಂಬ ಜೇಡರ ಬಲೆ ಮೆತ್ತಿಕೊಂಡು ಇಣುಕಿ, "ಪಾತ್ರೆ ಇದೆ. ಬೂದುಗುಂಬಳಕಾಯೂ ಇದೆ. ಮತ್ತೇನು ಹೋಗಿದೆ?" ಎಂದ. ಸಾವಿನ ಮನೆ ಎಂಬುದನ್ನೂ ಮರೆತು ಯಾರೋ ಕಿಸಕ್ಕೆಂದರು.

ನಾಗಶ್ರೀ ನಗಲಿಲ್ಲ. "ಇಳೀರಿ ಮಾವ. ಅದು ಆ ಅಟ್ಟ ಅಲ್ಲ," ಎಂದಳು. ಕಣ್ಣು ಮಾತ್ರ ಅಪ್ಪನ ಮೇಲೇ ಇತ್ತು. "ಅಮ್ಮನ ಮೊಬೈಲ್ ಕೊಡಿ."

ಕೊಟ್ಟ. ಅವಳು ತೆರೆದು ನೋಡಿದಳು, ಅತ್ತ ಇತ್ತ ಸರಿಸಿದಳು, ಹುಡುಕಿದ್ದು ಸಿಗದೆ ಹಾಗೇ ಕೆಳಗಿಟ್ಟಳು.

* * *

ಮನೆ ಇರುವುದು ತಗ್ಗಿನಲ್ಲಿ. ಅಲ್ಲಿ ನೆಟ್‌ವರ್ಕ್ ಎನ್ನುವುದೇ ಇಲ್ಲ, ಮೇಲೆ ರಸ್ತೆ ಬದಿಯ ಅಂಗಡಿಯ ಹತ್ತಿರ ಮಾತ್ರ ಸಿಗುತ್ತದೆ. ಅದಕ್ಕೇ ನಾಗಶ್ರೀ ಅಮ್ಮನ ಮೊಬೈಲಿಗೊಂದು ಆ್ಯಪ್ ಹಾಕಿಕೊಟ್ಟಿದ್ದಳು. ಓದಬೇಕೆನಿಸಿದ್ದು ಕಂಡರೆ ಒಂದು ಗುಂಡಿ ಒತ್ತಿದರಾಯಿತು, ಆ ಪುಟ ಒಳಗೆ ಸೇರಿಕೊಳ್ಳುತ್ತದೆ. ಮನೆಗೆ ಹೋಗಿ ನೆಟ್‌ವರ್ಕ್ ಇಲ್ಲದೆಯೂ ಓದಬಹುದು, ಓದಿ ನಿಲ್ಲಿಸಿದ ಕಡೆಗೇ ಪುಟ ಮತ್ತೆ ತೆರೆದುಕೊಳ್ಳುತ್ತದೆ. "ಓ, ನಮ್ಮ ಅಟ್ಟ ಇದ್ದ ಹಾಗೆ ಅನ್ನು," ಎಂದಿದ್ದಳು ಸರ್ವಮಂಗಳಾ. ಅವತ್ತಿನಿಂದ ಅದರ ಹೆಸರೇ ಅಟ್ಟ.

ಮಧ್ಯಾಹ್ನ ಗಂಡನಿಗೆ ಕ್ಯಾರಿಯರ್ ತರುವಳು. ಅದನ್ನು ಕೊಟ್ಟು, ಅಂಗಡಿಯ ತಗಡಿನ ನೆರಳಲ್ಲಿ ನಿಂತು ಅಟ್ಟಕ್ಕೆ ಹಾಕುವಳು. ಸಂಜೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಜವರಮ್ಮನಿಗೆ ಓದಿ ಹೇಳುವಳು. ಜವರಮ್ಮನಿಗೆ ಅಕ್ಷರ ಬಾರದು, ಕತೆಯ ಹುಚ್ಚು ಮಾತ್ರ ವಿಪರೀತ.

"ಏನ್ ಸೋಮಣ್ಣ, ಅಕ್ಕಾವ್ರು ದಿನಾ ಯಾರಿಗೆ ಮೆಸೇಜು ಹಾಕೋದು?" ಎಂದ ಒಂದು ದಿನ ಗಿರಾಕಿಯೊಬ್ಬ. ಇದ್ದವರೆಲ್ಲ ಗೊಳ್ಳೆಂದರು. ತಮಾಷೆಯೇ ಇರಬಹುದು. ಆದರೆ ಸೋಮಶೇಖರಪ್ಪನಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯಿತು. ಅವತ್ತು ಸಂಜೆ ಅವಳು ಹಾಲು ಕಾಯಿಸುತ್ತಿದ್ದಾಗ ಮೊಬೈಲ್ ಎತ್ತಿಕೊಂಡ. ಆ ಆ್ಯಪಿನ ಚಿತ್ರವನ್ನು ಒತ್ತಿ ಹಿಡಿದ. ತೆಗೆಯಲೇ ಎಂದು ಅದು ಕೇಳಿತು. ಹೂಂ ಎಂದ.

"ನಿನ್ನ ಅಟ್ಟ ಖಾಲಿ ಮಾಡಿದೀನಿ. ಇನ್ನಾದ್ರೂ ಮನೆ ಕಡೆ ನೋಡು."

ಅವಳು ಮೊಬೈಲನ್ನು ತಿರುವಿ ಹಾಕಿ ಹುಡುಕಿದಳು. ಹಾಲು ಉಕ್ಕಿತು. ಒಲೆ ಆರಿಸಿ ಊಟ ಬಡಿಸಿದಳು. ಮಾರನೆಯ ದಿನದಿಂದ ಕ್ಯಾರಿಯರ್ ಆಟೋದಲ್ಲಿ ಬಂತು, ಅವಳು ಬರಲಿಲ್ಲ. ದಿನವೂ ಊಟದ ಹೊತ್ತಿಗೆ ಇವನ ಕಣ್ಣು ಇಳಿಜಾರಿನ ದಾರಿಯ ಮೇಲೇ ಇರುತ್ತಿತ್ತು. ಆದರೂ "ಬಾ" ಎನ್ನಲು ಆ ಹಾಳು ಬಿಗುಮಾನ ಬಿಡಬೇಕಲ್ಲ! ಹಾಗೇ ನಿನ್ನೆ ಬೆಳಿಗ್ಗೆ ಅಡಿಗೆಮನೆಯಲ್ಲಿ ಕುಸಿದವಳು ಮತ್ತೆ ಏಳಲಿಲ್ಲ.

* * *

ಗುಣಿಯಲ್ಲಿ ಕೂರಿಸಿ, ಪತ್ರೆ ವಿಭೂತಿ ಹಾಕಿ, ಮಣ್ಣೆಳೆದರು. ಮಣ್ಣೆಳೆಯುವ ಮುಂಚೆ ಗುಣಿಗೆ ಹಾಕಲು ಸೋಮಶೇಖರಪ್ಪ ವಿಭೂತಿಗಟ್ಟಿ ಚಾಚಿದರೆ ನಾಗಶ್ರೀ ತೆಗೆದುಕೊಳ್ಳಲಿಲ್ಲ, ಮಾವನ ಕೈಯಿಂದ ಇನ್ನೊಂದು ಇಸಿದುಕೊಂಡಳು. ಎಲ್ಲರೂ ನೋಡಿದರು.

ವಾಪಸಾಗುವ ದಾರಿಯಲ್ಲೇ ಮುಚ್ಚಿದ ಅಂಗಡಿ. ಅಲ್ಲಿಗೆ ಬಂದಾಗ ನಾಗಶ್ರೀ ನಿಂತಳು. ತನ್ನ ಮೊಬೈಲ್ ತೆಗೆದು ಏನೋ ಒತ್ತಿದಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದೊಂದೇ ಸಾಲು ಇಳಿಯತೊಡಗಿತು. ಮಲ್ಲಿಗೆ ಗಿಡಕ್ಕೆ ಹುಳ ಹಿಡಿದರೆ. ಮಂಡಿನೋವಿಗೆ ವ್ಯಾಯಾಮ. ಹಲಸಿನ ಬೀಜದ ಹೋಳಿಗೆ. ಲಾರಿಯಲ್ಲಿ ಸಾಗಿಸಿದ ಒಂಟಿಸಲಗ.

"ಎಲ್ಲ ಇಲ್ಲೇ ಇದೆ ಅಪ್ಪಾ."

"ನಾನು ತೆಗೆದುಬಿಟ್ಟಿದ್ನಲ್ಲ?" ಎಂದುಬಿಟ್ಟ. ಬಾಯಿಂದ ಜಾರಿದ ಮೇಲೇ ತಿಳಿದದ್ದು.

"ನೀವು ತೆಗೆದಿದ್ದು ಏಣಿ. ಅಟ್ಟ ಅಲ್ಲ. ಇದರ ಅಕೌಂಟ್ ಮಾಡಿಕೊಟ್ಟಿದ್ದೇ ನಾನು, ಪಾಸ್‌ವರ್ಡ್ ನನ್ನ ಹತ್ರನೇ ಇದೆ. ಒಂದು ಫೋನ್ ಮಾಡಿದ್ರೆ ಏಣಿ ಮತ್ತೆ ಇಡ್ತಿದ್ದೆ." ಅವಳು ಪರದೆಯನ್ನು ಅವನ ಕಣ್ಣೆದುರು ಹಿಡಿದಳು. "ನಿಮ್ಮ ಮೇಲೆ ಜಗಳಕ್ಕೆ ಬರ್ತೀನಿ ಅಂತ ಅಮ್ಮ ಹೇಳ್ಲಿಲ್ಲ. ಎಲ್ಲ ಹೋಯ್ತು ಅಂದುಕೊಂಡೇ ಹೋದ್ಲು."

"ನಂಗೇನು ಗೊತ್ತಿತ್ತು ಮಗಾ..."

"ಮಗಾ ಅನ್ಬೇಡಿ. ನಾನು ವಸ್ತಾರೆಗೆ, ಮಾವನ ಮನೆಗೆ ಹೋಗ್ತೀನಿ. ನಿಮ್ಮ ಮನೆಗೆ ಬರಲ್ಲ."

ಹಿಂದೆ ಬರುತ್ತಿದ್ದ ಜವರಮ್ಮ ನಿಂತಳು. "ಆನೆ ಕತೆ ಇದ್ಯಾ ಅದ್ರಲ್ಲಿ?"

"ಇದೆ ಜವರಮ್ಮ," ಎನ್ನುತ್ತ ನಾಗಶ್ರೀ ಮೊಬೈಲನ್ನು ಅಪ್ಪನ ಕೈಗೆ ತುರುಕಿದಳು. "ಓದಿ."

"ಇವತ್ತಾ? ಮಣ್ಣು ಮಾಡಿ ಬಂದ ಕೈಯಲ್ಲಾ? ಆಮೇಲೆ..."

"ಅಮ್ಮನೂ ಆಮೇಲೆ ಅಂತಾನೇ ಇಟ್ಟಿದ್ದು. ಮೊಬೈಲ್ ನಂದು. ಇದು ಮುಗಿಯೋವರೆಗೂ ಇಲ್ಲೇ ನಿಂತಿರ್ತೀನಿ, ಅಷ್ಟೇ."

ಸೋಮಶೇಖರಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಜವರಮ್ಮ ತುಸು ದೂರದಲ್ಲಿ, ಅವನಿಗೆ ಬೆನ್ನು ಹಾಕಿ, ರಸ್ತೆಯ ಕಡೆ ಮುಖ ಮಾಡಿ ಕೂತಳು. ಪುಟ ತಾನಾಗಿಯೇ ನಡುವಿನಲ್ಲೆಲ್ಲೋ ತೆರೆದುಕೊಂಡಿತು. ಇದೇನಪ್ಪ ಎಂದು ಅವನು ಅದನ್ನು ಪೂರ್ತಿ ಮೇಲಕ್ಕೆ ಎಳೆದು, ಗಂಟಲು ಸರಿಮಾಡಿಕೊಂಡ.

"ಲಾರಿಯಲ್ಲಿ ಸಾಗಿಸಿದ..."

"ಮೇಲಿಂದ ಬೇಡ," ಎಂದಳು ಜವರಮ್ಮ, ತಿರುಗದೆಯೇ. "ಅದೆಲ್ಲ ಅಮ್ಮಾವ್ರು ಓದಾಗಿದೆ. ಆನೆ ಹೊಳೆ ದಾಟಿ ಈಚೆ ದಡಕ್ಕೆ ಬಂದಿತ್ತು. ಅಲ್ಲಿಂದ ಓದಿ."

ಅವನು ಮಗಳ ಮುಖ ನೋಡಿದ. ಅವಳು ತೋರಿಸಿಕೊಡಲಿಲ್ಲ. ವಿಭೂತಿ ಮೆತ್ತಿದ ಬೆರಳಿನಿಂದ ಪರದೆಯನ್ನು ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ ಸರಿಸುತ್ತ ಸೋಮಶೇಖರಪ್ಪ ತನ್ನ ಹೆಂಡತಿ ನಿಲ್ಲಿಸಿದ್ದ ಸಾಲನ್ನು ಹುಡುಕತೊಡಗಿದ. ಸರಿಸಿದಷ್ಟೂ ಗಾಜಿನ ಮೇಲೆ ಬೂದಿ ಹರಡಿ ಅಕ್ಷರ ಮಸುಕಾಗುತ್ತಿತ್ತು.