ಕೊನೆಯ ಟ್ರಿಪ್ಪಿನ ಕೀಲಿ

ಬಸ್ಸಿನ ಹಿಂದಿನ ಸೀಟುಗಳನ್ನು ಬಿಚ್ಚಿ ಇಳಿಸುತ್ತಿದ್ದ ಕಂಡಕ್ಟರು ಕೈ ಒರೆಸಿಕೊಂಡು ಬಂದು, ಕೀಲಿಯನ್ನು ಸತ್ತವನ ಮಗನ ಕೈಗಿಟ್ಟ. ಡ್ರೈವರು ಸತ್ತರೆ ಅವನ ಕೊನೆಯ ಟ್ರಿಪ್ಪು ಡಿಪೋದ ಬಸ್ಸಿನಲ್ಲೇ. ಮನೆಯಲ್ಲಿ ಇನ್ನೊಬ್ಬ ಡ್ರೈವರಿದ್ದರೆ ಸ್ಟೇರಿಂಗ್ ಅವನದು. ಈ ನಿಯಮವನ್ನು ಯಾರೂ ಬರೆದಿರಲಿಲ್ಲ, ಯಾರೂ ಮುರಿದಿರಲಿಲ್ಲ.

"ಒಂದು ಕುಲುಕೂ ಆಗಬಾರ್ದಪ್ಪ."

"ಬೆಣ್ಣೇಲಿ ಕೂದಲು ತೆಗೆದ ಹಾಗೆ ಓಡಿಸ್ತೀನಿ ಮಾಮ."

ಅಮ್ಮ ಹತ್ತಿರ ಬಂದು ನೋಡಿದಳು. ಮಗನ ಕಣ್ಣು ಕೆಂಪಗಿತ್ತು. ಅಳುವ ಮೊದಲೂ, ಎಷ್ಟೋ ತಿಂಗಳಿಂದ, ಅದು ಹಾಗೇ ಇತ್ತು. ತಟ್ಟೆಯ ಮುಂದೆ ಕೂತೇ ತೂಕಡಿಸುವವನು ಅವನು.

"ಬೇಡ ಕಣೋ. ಬೇರೆ ಯಾರಾದ್ರೂ ಓಡಿಸ್ಲಿ. ನಿನ್ನ ಮಕ್ಕಳೂ ಅದರಲ್ಲೇ ಕೂರ್ತಾರೆ."

"ಅಮ್ಮಾ, ಶುರು ಮಾಡ್ಬೇಡ. ನನಗೆ ಅಪ್ಪನ ಕಾಯಿಲೆ ಇಲ್ಲ. ಗೊರಕೆ ಯಾರು ಹೊಡೆಯಲ್ಲ ಹೇಳು?"

"ಅದು ಪಿತ್ರಾರ್ಜಿತ ಅತ್ತಿಗೆ," ಎಂದ ಕಂಡಕ್ಟರು. ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ಅಮ್ಮನಿಗೆ ಮೈಯೆಲ್ಲ ಉರಿಯಿತು.

*

ಡಿಪೋದಲ್ಲಿ ಅಪ್ಪನಿಗೆ ಇಂಜಿನ್ ಎಂದೇ ಹೆಸರು. ಮಲಗಿದರೂ ಗಾಡಿ ಆಫ್ ಮಾಡುವುದಿಲ್ಲ ಎಂದು ತಮಾಷೆ. ಗೊರಕೆ ನಿಂತಾಗ, ಸದ್ಯ, ಈಗ ನಿದ್ದೆ ಹತ್ತಿತು ಎಂದು ಹೆಂಡತಿಯೂ ಮಗ್ಗುಲಾಗುತ್ತಿದ್ದಳು. ಒಂದು ರಜೆಯ ಮಧ್ಯಾಹ್ನ ಆ ಮೌನ ತೀರಾ ಉದ್ದವಾಯಿತು. ಮೂಗಿನ ಮುಂದೆ ಅಂಗೈ ಹಿಡಿದಳು. ಹೊಟ್ಟೆ ಏರಿಳಿಯುತ್ತಿತ್ತು, ಗಾಳಿ ಮಾತ್ರ ಇಲ್ಲ. ಅಲುಗಿಸಿದಾಗ ಅವನು ನೀರಲ್ಲಿ ಮುಳುಗಿ ಮೇಲೆದ್ದವನಂತೆ ಬಾಯಿಬಿಟ್ಟು ಎದ್ದ.

"ನಿನಗೆ ಭ್ರಮೆ ಕಣೇ," ಎಂದ.

ಮುಂದೊಂದು ದಿನ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದರೂ ಅವನ ಬಸ್ಸು ಕದಲಲಿಲ್ಲ. ಕಂಡಕ್ಟರು ಬಂದು ಭುಜ ಅಲುಗಿಸಿ ಎಬ್ಬಿಸಿದ. ಕಾಲು ಬ್ರೇಕಿನ ಮೇಲೇ ಇದ್ದದ್ದು ಪುಣ್ಯ. ಅಂದೇ ಅವನು ತಾನಾಗಿ ಹೋಗಿ ಕೀಲಿಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ಬಂದ. ಹೇಡಿ ಎಂದು ಆಡಿಕೊಂಡವರೂ ಇದ್ದರು.

ಆಸ್ಪತ್ರೆಯಲ್ಲಿ ಮೈಗೆಲ್ಲ ತಂತಿ ಅಂಟಿಸಿ, ಮಲಗಿಸಿ ನೋಡಿದರು. "ನಿದ್ದೇಲಿ ನಿಮ್ಮ ಗಂಟಲು ಮುಚ್ಕೊಳ್ತಾ ಇದೆ. ಗಾಳಿ ಒತ್ತಿ ತೆರೆದಿಡಬೇಕು," ಎಂದರು ಡಾಕ್ಟರು. ಮೂಗಿಗೆ ಮಾಸ್ಕು, ಹಾಸಿಗೆಯ ಪಕ್ಕ ಗಾಳಿ ಊದುವ ಯಂತ್ರ ಬಂತು.

"ನನಗೂ ಸೊಂಡಿಲು ಬಂತು ನೋಡೇ," ಎಂದು ಗೊಣಗಿದವನು, ಕೆಲವೇ ವಾರದಲ್ಲಿ ತಾನೇ ದಿನಾ ಮಾಸ್ಕು ತೊಳೆದು ಒಣಗಿಸತೊಡಗಿದ. ಕೀಲಿಯೂ ವಾಪಸ್ಸು ಬಂತು, ನಿವೃತ್ತಿಯವರೆಗೆ ಓಡಿಸಿದ. ಆದರೆ ಯಂತ್ರ ಬರುವ ಹೊತ್ತಿಗೇ ಗುಂಡಿಗೆ ಸವೆದಿತ್ತು. ನಿನ್ನೆ ಬೆಳಿಗ್ಗೆ ವಾಕಿಂಗಿಗೆ ಹೊರಟು ಶೂ ಲೇಸು ಕಟ್ಟುತ್ತಿದ್ದಾಗ ಅದು ನಿಂತುಹೋಯಿತು.

*

ಬಸ್ಸು ಸಿದ್ಧವಾಗುವಷ್ಟರಲ್ಲಿ ಮಗ ಅಪ್ಪನ ಪಕ್ಕದ ಕುರ್ಚಿಯಲ್ಲೇ ಕತ್ತು ವಾಲಿಸಿದ್ದ. ಕೀಲಿ ಮುಷ್ಟಿಯಲ್ಲಿತ್ತು. ಗೊರಕೆ ಏರಿತು, ಯಾರೋ ಕಿಸಕ್ಕೆಂದರು. ಆಮೇಲೆ ಗೊರಕೆ ಗಕ್ಕನೆ ನಿಂತಿತು.

"ಪಾಪ, ಈಗ ನಿದ್ದೆ ಹತ್ತಿತು," ಎಂದ ಕಂಡಕ್ಟರು.

"ನಿದ್ದೆ ಅಲ್ಲ ಅದು," ಎಂದಳು ಅಮ್ಮ. "ಉಸಿರು ನೋಡಿ."

ನೋಡಿದರು. ಹೊಟ್ಟೆ ಗುದ್ದಾಡುತ್ತಿತ್ತು. ಸೊಸೆ ಅವನ ಮೂಗಿನ ಮುಂದೆ ಬೆರಳಿಟ್ಟಳು, ಅವಳ ಮುಖ ಬಿಳಿಚಿಕೊಂಡಿತು. ಕೋಣೆಯಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ.

"ರೀ!" ಎಂದು ಚೀರಿ ಅಲುಗಿಸಿದಳು.

ಅವನು ಭರ್ರೆಂದು ಗಾಳಿ ಎಳೆದುಕೊಂಡು ಎದ್ದು ಕೂತ. "ಹೊರಡೋಣ್ವಾ?"

ಯಾರೂ ಏಳಲಿಲ್ಲ. ಕಂಡಕ್ಟರು ಸೀಟಿಯನ್ನು ಜೇಬಿಗೆ ಹಾಕಿಕೊಂಡ. "ನೀನು ಸ್ಟೇರಿಂಗ್ ಹಿಡಿದ್ರೆ ನಾನು ಸೀಟಿ ಊದಲ್ಲಪ್ಪ. ಅವತ್ತು ನಿಮ್ಮಪ್ಪನ್ನ ಎಬ್ಬಿಸಿದ್ದು ಇದೇ ಕೈ."

"ಕಾಯಿಲೆ ಅಂತ ಲೈಸೆನ್ಸ್ ಹೋದ್ರೆ ನನ್ನ ಹೊಟ್ಟೆಪಾಡು?"

"ನಿಮ್ಮಪ್ಪಂಗೆ ಕೀಲಿ ವಾಪಸ್ ಬಂತಲ್ಲೋ," ಎಂದಳು ಅಮ್ಮ. "ಇನ್ನೊಬ್ಬರನ್ನ ಹೊತ್ಕೊಂಡು ಹೋಗೋ ಶಕ್ತಿ ನನಗಿಲ್ಲ. ನಾಳೆ ಆಸ್ಪತ್ರೆಗೆ ಬಾ."

ಮಗ ಅಪ್ಪನ ಮುಖವನ್ನೇ ನೋಡಿದ. ಕೀಲಿಯನ್ನು ಕಂಡಕ್ಟರ ಅಂಗೈಗೆ ಹಾಕಿದ.

ಬಸ್ಸು ಹೊರಟಿತು, ಸ್ಟೇರಿಂಗ್ ಹಿಡಿದವನು ಡಿಪೋದ ಇನ್ನೊಬ್ಬ ಡ್ರೈವರು. ಅಮ್ಮ ಒಂದು ಕೈಯಿಂದ ಗಂಡನ ಮೇಲಿನ ಹೊದಿಕೆ ಹಿಡಿದುಕೊಂಡಿದ್ದಳು. ಎರಡು ತಿರುವು ದಾಟುವಷ್ಟರಲ್ಲಿ ಮಗನ ತಲೆ ಅವಳ ಭುಜಕ್ಕೆ ಒರಗಿತು. ಅವಳು ಇನ್ನೊಂದು ಅಂಗೈಯನ್ನು ಅವನ ಮೂಗಿನ ಮುಂದೆ ಹಿಡಿದಳು, ದಾರಿಯುದ್ದಕ್ಕೂ ಇಳಿಸಲಿಲ್ಲ.